ಮರಿಯಮ್ಮನವರ ಅಜ್ಜಿಯ ಎಡಗೈ

"ಕಾಗದಕ್ಕೆ ತೂತು ಹೊಡೆಯೋರು ನೀವೇನಾ?" ಎಂದು ಕೇಳುತ್ತ ಮರಿಯಮ್ಮನವರು ಗಂಗಾನಗರದ ನಮ್ಮ ಟೈಲರ್ ಅಂಗಡಿಗೆ ಬಂದರು. ನಾನು ಅವರನ್ನು ಮೊದಲು ನೋಡಿದ್ದು ಅಂದೇ. ಬಟರ್ ಪೇಪರಿನಲ್ಲಿ ಹೂಬಳ್ಳಿ ಚುಚ್ಚುವುದು ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಹಿಡಿದ ಕೆಲಸ. ಆ ತೂತುಗಳ ಮೇಲೆ ನೀಲಿ ಒರೆಸಿದರೆ ಬ್ಲೌಸಿನ ಮೇಲೆ ಬಳ್ಳಿ ಮೂಡುತ್ತದೆ, ಆಮೇಲೆ ಕಸೂತಿ.

ಅವರು ಸೀರೆಯಲ್ಲಿ ಸುತ್ತಿ ತಂದಿದ್ದೂ ತೂತಿನ ಕಾಗದವೇ. ಚಾಪೆಯಂತೆ ಸುರುಳಿ, ಮುಟ್ಟಿದರೆ ಹಪ್ಪಳ.

"ಇದರೊಳಗೆ ನಮ್ಮಜ್ಜಿ ಇದ್ದಾರೆ."

"ಇಂಗೆ ಸುತ್ತಿಟ್ರೆ ಉಸಿರು ಕಟ್ಟಲ್ವಾ ಅವ್ರಿಗೆ?" ಎಂದೆ. ನಕ್ಕರು.

ಅಜ್ಜಿ ಫಿಲೋಮಿನಾ ನೂರು ವರ್ಷದ ಹಿಂದೆ ಹಡಗು ಹತ್ತಿ ಹೋಗಿ ಜರ್ಮನಿಯಲ್ಲಿ ಪಿಯಾನೊ ನುಡಿಸಿ ಹೆಸರಾದವರು. ಈಗ ಆ ಹೆಸರು ಹೇಳುವವರಿಲ್ಲ. ಅವರು ನುಡಿಸುವಾಗ ಬೆರಳು ಬಿದ್ದ ಹಾಗೆಯೇ ಯಂತ್ರ ಕಾಗದಕ್ಕೆ ತೂತು ಹೊಡೆದ ಸುರುಳಿಗಳಲ್ಲಿ ಉಳಿದದ್ದು ಇದೊಂದೇ. ಮರಿಯಮ್ಮನವರ ಮನೆಯಲ್ಲಿದ್ದ ಯಂತ್ರದ ಪಿಯಾನೊಗೆ ಹಾಕಿದರೆ, ತೂತು ಬಂದಲ್ಲಿ ಕೀ ತಾನಾಗಿ ಇಳಿದು ಅಜ್ಜಿ ನುಡಿಸಿದ್ದೇ ಕೇಳುತ್ತದೆ.

ಮರಿಯಮ್ಮ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಆಗಿದ್ದವರು. ಮದುವೆಯಾಗಲಿಲ್ಲ, ಪಿಯಾನೊ ಕಲಿಯಲಿಲ್ಲ. ಬಾಡಿಗೆ ಮನೆ ಬದಲಿಸುವಾಗ ಮಾತ್ರ ಪಿಯಾನೊ ಮೊದಲು, ಒಲೆ ಆಮೇಲೆ. ಈಗ ಕಿವಿ ಮಂದವಾಗುತ್ತಿತ್ತು. ಕಾಗದ ಪುಡಿಯಾಗುವ ಮೊದಲು ಹೊಸ ಸುರುಳಿ ಆಗಲೇಬೇಕೆಂದು ಹಟ.

ಹಳೆಯದರ ಮೇಲೆ ಹೊಸ ಕಾಗದ ಹಾಸಿ ಮಳೆಗಾಲವೆಲ್ಲ ಕತ್ತರಿಸಿದೆ. ಎಡಗಡೆಯ ತೂತುಗಳು ಬಲಗಡೆಯವಕ್ಕಿಂತ ಕೂದಲೆಳೆ ಮುಂದಿದ್ದವು. ನಮ್ಮ ಕೆಲಸದಲ್ಲಿ ಬಳ್ಳಿಯ ಎರಡು ಕಡೆ ಸಮ ಬರದಿದ್ದರೆ ಬ್ಲೌಸು ವಾಪಸ್ಸು. ಎಲ್ಲವನ್ನೂ ಒಂದೇ ಸಾಲಿಗೆ ತಂದೆ.

ಅವರ ಮನೆಗೆ ಒಯ್ದು ಪಿಯಾನೊಗೆ ಹಾಕಿದಾಗ ಮರಿಯಮ್ಮ ಅದರ ಮರಕ್ಕೆ ಕಿವಿ ಒತ್ತಿದರು.

"ಅಯ್ಯೋ, ಇದು ನಮ್ಮಜ್ಜಿ ಅಲ್ಲ ಕಣ್ರೀ, ಪೊಲೀಸ್ ಪೆರೇಡು! ಚಿಕ್ಕಂದಿನಿಂದ ಕೇಳಿದ್ದೀನಲ್ಲ, ಅಜ್ಜಿ ಎಡಗೈ ಮೊದ್ಲು ಬರುತ್ತೆ, ಬಲಗೈ ಹಿಂದೆ. ಅದೇ ಅವ್ರು."

"ಸೊಟ್ಟಗೇ ಬೇಕಾ?"

"ಸೊಟ್ಟಗೇ ಬೇಕು."

ಮತ್ತೆ ಮೊದಲಿನಿಂದ ಹಿಡಿದೆ. ಅಷ್ಟರಲ್ಲಿ ಹಳೆಯದು ಚೂರುಚೂರು. ಚೂರು ಜೋಡಿಸಿ, ಗಾಜಿನಡಿ ಇಟ್ಟು, ಗುರುತು ಹಾಕಿಕೊಂಡು ಕತ್ತರಿಸಿದೆ. ಬಿಡಿ ಎಂದು ಅವರು ಹೇಳಲಿಲ್ಲ, ಬಿಡುತ್ತೇನೆಂದು ನಾನೂ ಹೇಳಲಿಲ್ಲ.

ಮುಗಿಯುವ ಹೊತ್ತಿಗೆ ಅವರ ಕಿವಿ ಪೂರ್ತಿ ಹೋಗಿತ್ತು, ಹಾಸಿಗೆ ಹಿಡಿದಿದ್ದರು. ಪಿಯಾನೊ ಅವರ ಮಂಚದ ತಲೆಯ ಕಡೆ, ಕಣ್ಣಿಗೆ ಕಾಣದು. ನಾನೇ ಸುರುಳಿ ಏರಿಸಿ ನಿಂತೆ. ಎಡಗಡೆಯ ಕೀ ಇಳಿಯಿತು. ಬಲಗಡೆಯದು ಚೂರು ತಡೆದು, ಅದರ ಹಿಂದೆಯೇ ಬಂತು. ಕೊನೆಯವರೆಗೂ ಹಾಗೆಯೇ. ಅವರು ನನ್ನ ಕೈ ಹುಡುಕಿ ಹಿಡಿದರು. ಕೇಳಿದ್ದಿಷ್ಟೇ:

"ಮುನಿಕೃಷ್ಣಮ್ಮಾ, ಎಡಗೈ ಮೊದ್ಲು ಬಂತಾ?"