ಸಾಕೆಟ್‌ನಲ್ಲಿ ಸಿಕ್ಕ ಅರಿಶಿನ

ಕಾರಿನ ಗೇರ್ ಬದಲಿಸುವ ಕಂಪ್ಯೂಟರಿನ ಸಾಕೆಟ್ ಕಳಚಿ ನೋಡಿದೆ. ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಸುತ್ತ ಒಣಗಿದ ಅರಿಶಿನ.

ಕ್ಲಚ್ ಇಲ್ಲದ ಈ ಕಾರು ಹೋದ ತಿಂಗಳವರೆಗೆ ನಮ್ಮ ಕೊರಟಗೆರೆಯ ಟೈಲರ್ ರುದ್ರಣ್ಣನವರದು. ಪೋಲಿಯೊದಿಂದ ಎಡಗಾಲು ಸೋತಿದ್ದ ಅವರು ತಾವೇ ಓಡಿಸಬಲ್ಲ ಗಾಡಿ ಇದೊಂದೇ. ಅದು ಒಂದೇ ಗೇರಿನಲ್ಲಿ ನರಳತೊಡಗಿದಾಗ ನನ್ನ ಗ್ಯಾರೇಜಿಗೆ ತಂದಿದ್ದರು.

“ಸಿದ್ದರಬೆಟ್ಟದಾಗೆ ಪೂಜೆ ಮಾಡ್ಸಿ, ಬಾನೆಟ್ ಎತ್ತಿ ಒಳಿಕ್ಕೂ ಅರಿಶಿನದ ನೀರು ಹಾಕಿದ್ವಿ ಕಣಪ್ಪ. ಆವತ್ತಿಂದ್ಲೇ ಇಂಗಾಗೈತೆ” ಎಂದಿದ್ದರು.

ನಾನು ನಕ್ಕಿದ್ದೆ. ಸ್ಕ್ಯಾನರ್ ತೋರಿಸಿದ ದೋಷದ ಕೋಡ್ ಮಾತ್ರ ನೋಡಿ, ಕಂಪ್ಯೂಟರೇ ಹೋಗಿದೆ ಎಂದು ಹೇಳಿ ಕಳುಹಿಸಿದ್ದೆ. ಹೊಸದರ ಬೆಲೆ ಕೇಳಿದ ಅವರು ಕಾರನ್ನೇ ಮಾರಿದ್ದರು. ಕೊಂಡವರು ಈಗ ಅದನ್ನು ನನ್ನಲ್ಲಿಗೇ ತಂದಿದ್ದರು. ಪಿನ್ನು ಉಜ್ಜಿ ಒಣಗಿಸಿದೆ, ಅಷ್ಟೇ. ಗೇರುಗಳು ಒಂದೊಂದಾಗಿ ಸಲೀಸಾಗಿ ಬಿದ್ದವು.

ಟ್ರಯಲ್‌ಗೆಂದು ಹೊರಟರೆ, ಬಸ್ ಸ್ಟ್ಯಾಂಡಿನಲ್ಲಿ ಕೋಲೂರಿ ನಿಂತಿದ್ದ ರುದ್ರಣ್ಣ ಕಾರಿನ ಗುರುತು ಹಿಡಿದು ಕೈ ಎತ್ತಿದರು.

“ಸರಿಹೋಯ್ತೇನಪ್ಪ? ಹೊಸ ಕಂಪ್ಯೂಟರ್ ಹಾಕಿದ್ಯಾ?”

“ಹೂಂ” ಎಂದುಬಿಟ್ಟೆ.

ನನ್ನ ಪ್ಯಾಂಟಿನ ಹೊಲಿಗೆ ಬಿಚ್ಚಿ ವಾರವಾಯಿತು. ರುದ್ರಣ್ಣನವರ ಅಂಗಡಿಗೆ ಹೋಗಲು ನನ್ನ ಎರಡು ಗಟ್ಟಿ ಕಾಲುಗಳೂ ಏಳುತ್ತಿಲ್ಲ.