ಬಿಚ್ಚದ ಕೊಕ್ಕೆ

ವಿಶ್ವವಿದ್ಯಾಲಯದ ಸಂಶೋಧನಾ ಹಡಗಿನ ಡೆಕ್ಕಿನಲ್ಲಿ ಇಪ್ಪತ್ತಾರು ವರ್ಷ ಹಗ್ಗ, ಸರಪಳಿ, ಕ್ರೇನುಗಳ ಜೊತೆ ಏಗಿದವನನ್ನು ಎಲ್ಲರೂ ಗಂಟಣ್ಣ ಎಂದೇ ಕರೆಯುತ್ತಿದ್ದರು. ಅವನು ಹಾಕಿದ ಗಂಟು ಯಾವ ಬಿರುಗಾಳಿಗೂ ಜಗ್ಗಿದ್ದಿಲ್ಲ. ಪ್ರೊಫೆಸರುಗಳು ಎಷ್ಟೇ ದೊಡ್ಡ ಮಾತಾಡಲಿ, ಯಂತ್ರ ನೀರಿಗಿಳಿಯುವಾಗ ಎಲ್ಲರ ಕಣ್ಣೂ ಈ ಹತ್ತನೇ ಕ್ಲಾಸು ಫೇಲಾದವನ ಕೈಮೇಲೆಯೇ. ಅದರ ಜಂಬ ಅವನಿಗೂ ಒಂದಿಷ್ಟು ಇತ್ತೆನ್ನಿ.

ಹೋದ ವರ್ಷ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯ ಉಪಕರಣಗಳನ್ನು ಭಾರದ ಕಬ್ಬಿಣಕ್ಕೆ ಕೊಕ್ಕೆಯಿಂದ ಸಿಕ್ಕಿಸಿ ಮೂರು ಸಾವಿರ ಮೀಟರ್ ಆಳಕ್ಕೆ ಇಳಿಸಿದ್ದರು. ವರ್ಷ ಕಳೆದ ಮೇಲೆ ಹಡಗಿನಿಂದ ಸದ್ದಿನ ಸಂಕೇತ ಕಳಿಸಿದರೆ ಕೊಕ್ಕೆ ಬಿಚ್ಚಿ, ಭಾರದ ಕಬ್ಬಿಣ ತಳದಲ್ಲೇ ಉಳಿದು, ಮಿಕ್ಕಿದ್ದೆಲ್ಲ ತೇಲಿ ಬರಬೇಕು. ಸಾಗಿಸುವಾಗ ಕೊಕ್ಕೆ ತಾನಾಗಿ ಬಿಚ್ಚದಿರಲೆಂದು ಅದಕ್ಕೊಂದು ಉಕ್ಕಿನ ಪಿನ್ನು ಚುಚ್ಚಿರುತ್ತಾರೆ. ಇಳಿಸುವ ಮುಂಚೆ ಅದನ್ನು ಕಿತ್ತು, ಸ್ಟೋರ್‌ರೂಮಿನ ಮೊಳೆಗೆ ನೇತುಹಾಕುವುದು ಗಂಟಣ್ಣನ ಕೆಲಸ.

ಹಡಗು ಮರಳಿದ ಮೂರನೇ ದಿನ ನೋಡಿದರೆ ಮೊಳೆ ಖಾಲಿ. ಜೇಬು, ಟೂಲ್‌ಬಾಕ್ಸು, ಬಂಕಿನ ಹಾಸಿಗೆ ಎಲ್ಲ ಜಾಲಾಡಿದ. ಪಿನ್ನು ಎಲ್ಲೂ ಇಲ್ಲ. ಕೀಳದೆಯೇ ಇಳಿಸಿಬಿಟ್ಟಿದ್ದರೆ ಆ ಕೊಕ್ಕೆ ಬಿಚ್ಚುವುದೇ ಇಲ್ಲ.

ಮನೆಗೆ ಹೋಗಿ ಹೆಂಡತಿಗೆ ಹೇಳಿಕೊಂಡ. ಆ ಹುಡುಗಿಗೆ ಈಗಲೇ ಹೇಳಿಬಿಡಿ ಎಂದಳು ಅವಳು. ಕಿತ್ತ ಪಿನ್ನು ಕೈಜಾರಿ ನೀರಿಗೆ ಬಿದ್ದಿರಲೂಬಹುದಲ್ಲ ಎಂದು ಇವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಇಪ್ಪತ್ತಾರು ವರ್ಷದ ಹೆಸರು ಬಾಯಿ ಕಟ್ಟಿಹಾಕಿತು. ಇವತ್ತು, ನಾಳೆ ಎನ್ನುತ್ತಾ ವರ್ಷವೇ ಕಳೆಯಿತು.

ಎತ್ತುವ ದಿನ ಬೆಳಗಿನಿಂದ ಹತ್ತು ಸಲ ಸಂಕೇತ ಕಳಿಸಿದರು. ಎಲ್ಲರೂ ದುರ್ಬೀನು ಹಿಡಿದು ನಿಂತರು. ನಾಲ್ಕು ಗಂಟೆಯಾದರೂ ನೀರಿನ ಮೇಲೆ ಏನೂ ಕಾಣಲಿಲ್ಲ. ತಳದ ಕೆಸರು ಹಿಡಿದುಕೊಂಡಿರಬೇಕು ಎಂದು ಪ್ರೊಫೆಸರು ಒಳಗೆ ಹೋದರು. ಹುಡುಗಿ ಕಣ್ಣೊರೆಸಿಕೊಂಡು ಇವನ ಹತ್ತಿರ ಬಂದಳು, ಕೈಯಲ್ಲಿ ಟೀ ಲೋಟ.

"ಆಗ್ಲಿಂದ ಬಿಸಿಲಲ್ಲೇ ನಿಂತಿದ್ದೀರಲ್ಲ ಅಣ್ಣ, ಸ್ವಲ್ಪ ಟೀ ಕುಡೀರಿ. ನಿಮ್ಮ ಕೈಯಲ್ಲಿ ಆಗೋದೆಲ್ಲ ಮಾಡಿದ್ದೀರಿ."

ಇನ್ನು ಅವನಿಗೆ ತಡೆಯಲಾಗಲಿಲ್ಲ. "ಪಿನ್ನು ನಾನು ತೆಗೀಲಿಲ್ಲಮ್ಮ," ಎಂದ.

ಯಾವಾಗ ಗೊತ್ತಾಯಿತೆಂದು ಅವಳು ಕೇಳಿದಳು. ವಾಪಸು ಹೋದ ಮೂರನೇ ದಿನ ಎಂದ.

"ಅದರ ಮುಂದಿನ ತಿಂಗಳೇ ಹಡಗು ಮತ್ತೆ ಇಲ್ಲಿಗೆ ಬಂದಿತ್ತಲ್ಲ ಅಣ್ಣ. ನನ್ನ ಹತ್ರ ಇನ್ನೊಂದು ಸೆಟ್ ಇತ್ತು, ಆಗಲೇ ಇಳಿಸಬಹುದಿತ್ತು."

ಮರೆತದ್ದಕ್ಕೆ ಹೇಗೆ ಕ್ಷಮೆ ಕೇಳುವುದೆಂದು ಅವನು ವರ್ಷವಿಡೀ ಮಾತು ಜೋಡಿಸಿಕೊಂಡಿದ್ದ. ಬಾಯಿ ಮುಚ್ಚಿಕೊಂಡಿದ್ದಕ್ಕೆ ಹೇಳಲು ಅವನ ಹತ್ತಿರ ಒಂದು ಮಾತೂ ಇರಲಿಲ್ಲ. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಲೋಟವನ್ನು ಅವನ ಕೈಗಿಟ್ಟು, ಕುಡಿಯಿರಿ ಆರಿಹೋಗುತ್ತೆ ಎಂದು ಹೇಳಿ ಒಳಗೆ ಹೋದಳು.