ಒಂದೆಲೆಯ ಡೋಸ್

"ಸೊಪ್ಪಮ್ಮೋ, ಸೊಪ್ಪೂ!" ಸೊರಬದ ಮೊದಲ ಬಸ್ಸಿಗೆ ಶಿಕಾರಿಪುರಕ್ಕೆ ಬರುತ್ತಿದ್ದ ಸೊಪ್ಪಿನವಳ ಆ ಕೂಗು ಕೇಳಿದ್ದರೆ ನಾನು ಓದಿದ ಕಾನ್ವೆಂಟಿನ ಮದರ್ "ಸೈಲೆನ್ಸ್!" ಎನ್ನುತ್ತಿದ್ದರು. ಯಾವ ಮಾತಿಗೂ ಅವಳ ಕೊನೆ ಒಂದೇ: "ತಲೆ ಕೆಡ್ಸ್ಕಬ್ಯಾಡ್ರೀ ಅಮ್ಮಾ."

ನನ್ನ ತಲೆ ಆಗಲೇ ಕೆಟ್ಟಿತ್ತು. ಕಣ್ಣಿಗೆ ಪೊರೆ ಬಂದು ಒಂದು ಎರಡಾಗಿ ಕಾಣುತ್ತಿತ್ತು. ಆಪರೇಷನ್ನಿನ ಭಯಕ್ಕೆ ನಿದ್ದೆಯಿಲ್ಲ, ಬಿಪಿ ಇಳಿಯಲಿಲ್ಲವೆಂದು ಡಾಕ್ಟರು ಅದನ್ನು ಎರಡು ಸಲ ಮುಂದಕ್ಕೆ ಹಾಕಿದ್ದರು.

"ಊಟದ ಜತಿಗೆ ಒಂದೆಲಗ ತಿನ್ರೀ, ಚಲೋ ನಿದ್ದೆ ಬರ್ತತಿ" ಎಂದು ಒಂದು ಕಟ್ಟು ಸೊಪ್ಪು ಕೊಟ್ಟಳು. ನಾನು ವೆರಿ ಸಿನ್ಸಿಯರ್! ದಿನಕ್ಕೆ ಸರಿಯಾಗಿ ಒಂದೇ ಎಲೆ ತಿಂದೆ, ಮಗುವಿನಂತೆ ಮಲಗಿದೆ.

ವಾರ ಕಳೆದು ಬಂದವಳು, "ಸೊಪ್ಪು ಖಾಲಿ ಆತೇನ್ರೀ?" ಎಂದಳು.

"ಎಲ್ಲಿ ಮಾರಾಯ್ತಿ, ಕಟ್ಟು ಇನ್ನೂ ಫ್ರಿಜ್ಜಿನಲ್ಲೇ ಇದೆ. ದಿನಕ್ಕೆ ಒಂದೆಲೆ ಅಂದಿದ್ದೆಯಲ್ಲ?"

ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕುಸಿದಳು. "ಅಯ್ಯಯ್ಯ, ಒಂದೆಲಗ ಅಂದ್ರೆ ಸೊಪ್ಪಿನ ಹೆಸ್ರು ಕಣ್ರೀ! ಹಿಡಿ ಸೊಪ್ಪು ರುಬ್ಬಿ ತಂಬುಳಿ ಮಾಡ್ಬೇಕು! ಆಡಿನ ಮರಿನೂ ಇದಕ್ಕಿಂತ ಜಾಸ್ತಿ ತಿಂತತಿ!"

"ನಿದ್ದೆ ಬಂತಲ್ಲೇ!" ಎಂದೆ. ಇಬ್ಬರೂ ಪಕ್ಕೆ ಹಿಡಿದುಕೊಂಡು ನಕ್ಕೆವು. ಮರುದಿನ ಬಿಪಿ ನಾರ್ಮಲ್!

ಆಪರೇಷನ್ ಆದ ಮೇಲೆ ಅವಳಿಗೆ ಹೇಳಲೆಂದು ಬಸ್‌ಸ್ಟ್ಯಾಂಡಿಗೆ ಓಡಿದೆ. ಸೊರಬದ ಬಸ್ಸು ಹೊರಟೇಬಿಟ್ಟಿತ್ತು. ನನ್ನನ್ನು ಕಂಡು ಅವಳು ಕಿಟಕಿಯಿಂದ 'ಒಂದೆಲೆ' ಎಂಬಂತೆ ಒಂದು ಬೆರಳೆತ್ತಿ ತೋರಿಸುತ್ತಾ ನಕ್ಕಳು. ಆಮೇಲೆ ಅವಳು ಸೊಪ್ಪು ಮಾರಲು ಬರಲೇ ಇಲ್ಲ; ನಾನು ಅವಳನ್ನು ನೋಡಿದ್ದು ಅದೇ ಕೊನೆ. ಬಸ್ಸು ತಿರುವಿನವರೆಗೆ ಹೋದರೂ ಆ ಬೆರಳು ನನಗೆ ಒಂದೇ ಆಗಿ ಕಂಡಿತು.